ಎಂಟನೇ ತರಗತಿಯ ಮಕ್ಕಳಿಗೆ ಸಾವಧಾನ ಕಲಿಸುವುದು: ಒಂದು ಶೈಕ್ಷಣಿಕ ಅವಧಿಯ ಅನುಭವ, ಕೆಲವು ಪ್ರಶ್ನೆಗಳು

ಪ್ರೌಢಶಾಲಾ ಶಿಕ್ಷಕಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಹಳೆಯ ಊರಿನ ಕಡೆಯ ಪ್ರೌಢಶಾಲೆಯೊಂದರಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ವಿಜ್ಞಾನ ಬೋಧಿಸುತ್ತಿದ್ದೇನೆ. ಈ ವರ್ಷ ಶಾಲೆ ಆರಂಭವಾದಾಗಿನಿಂದ ಎಂಟನೇ ತರಗತಿಯ ಮಕ್ಕಳಿಗೆ ದಿನವೂ ಐದಾರು ನಿಮಿಷ ಮೈಂಡ್‌ಫುಲ್‌ನೆಸ್, ಅಂದರೆ ಈಗ ನಡೆಯುತ್ತಿರುವುದನ್ನು ತೀರ್ಪು ಕೊಡದೆ ಗಮನಿಸುವ ಅಭ್ಯಾಸ ಮಾಡಿಸುತ್ತಾ ಬಂದಿದ್ದೇನೆ. ಪತ್ರಿಕೆಗಳಲ್ಲಿ ಇದನ್ನು ಸಾವಧಾನತೆ ಎಂದು ಬರೆಯುತ್ತಾರೆ. ಮಕ್ಕಳ ಮುಂದೆ ಮಾತ್ರ ನಾನು ‘ಲಕ್ಷ್ಯ ಕೊಡುವ ಹೊತ್ತು’ ಎನ್ನುತ್ತೇನೆ. ‘ಲಕ್ಷ್ಯ ಎಲ್ಲೈತಿ ನಿನಗೆ?’ ಎಂದು ಮನೆಯ ಹಿರಿಯರು ದಿನಕ್ಕೆ ಹತ್ತು ಸಲ ಕೇಳುವ ಊರಿನಲ್ಲಿ ಆ ಮಾತಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಇದಕ್ಕೆ ಕೈ ಹಾಕಲು ಕಾರಣವಾದದ್ದು ಹಿಂದಿನ ವರ್ಷ ಕಂಡ ಒಂದು ದೃಶ್ಯ. ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಗಾಗಿ ಶಾಲೆಯಲ್ಲಿ ಅಣಕು ಪರೀಕ್ಷೆ ನಡೆಸುತ್ತಿದ್ದೆವು. ಎಂಟನೇ ತರಗತಿಯಲ್ಲಿ ಬರೆಯುವ ಈ ಪರೀಕ್ಷೆಯಲ್ಲಿ ಆಯ್ಕೆಯಾದ ಮಗುವಿಗೆ ಒಂಬತ್ತನೆಯ ತರಗತಿಯಿಂದ ದ್ವಿತೀಯ ಪಿಯುಸಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಹಮಾಲಿ ಮಾಡುವ, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಮನೆಗಳಿಗೆ ಅದು ಸಣ್ಣ ಮೊತ್ತವಲ್ಲ. ಸಣ್ಣ ಮೊತ್ತವಲ್ಲ ಎಂಬುದು ಹದಿಮೂರು ವರ್ಷದ ಮಗುವಿಗೂ ಚೆನ್ನಾಗಿ ಗೊತ್ತಿರುತ್ತದೆ. ತೊಂಬತ್ತು ನಿಮಿಷ, ತೊಂಬತ್ತು ಪ್ರಶ್ನೆ. ಮೂರನೇ ಬೆಂಚಿನ ಹುಡುಗಿಯೊಬ್ಬಳು ಒಎಂಆರ್ ಹಾಳೆಯ ಮೇಲೆ ಎಡಗೈ ಊರಿ ಕೂತಿದ್ದಳು. ಅವಳು ಕೈ ಎತ್ತಿದಾಗ ಹಾಳೆಯೂ ಅಂಗೈಗೆ ಅಂಟಿಕೊಂಡು ಮೇಲೆದ್ದಿತು. ತುಂಬಿಟ್ಟಿದ್ದ ವೃತ್ತಗಳ ಸುತ್ತ ಬೆವರಿನ ತೇವ ಹರಡಿ ಕಾಗದ ಉಬ್ಬಿತ್ತು. ಮರುದಿನ ಅದೇ ಪ್ರಶ್ನೆಗಳನ್ನು ನನ್ನ ಮೇಜಿನ ಬಳಿ ನಿಲ್ಲಿಸಿಕೊಂಡು ಕೇಳಿದರೆ ಬಹುಪಾಲು ಪ್ರಶ್ನೆಗಳಿಗೆ ತಡವರಿಸದೆ ಸರಿಯುತ್ತರ ಹೇಳಿದಳು. ವಿಷಯ ಕಲಿಸುವುದರಲ್ಲಿ ನಾನು ಸೋತಿರಲಿಲ್ಲ. ಆ ತೊಂಬತ್ತು ನಿಮಿಷ ತನ್ನ ಮೈಯೊಳಗೆ ಹೇಗೆ ಕೂರಬೇಕು ಎಂಬುದನ್ನು ಮಾತ್ರ ಅವಳಿಗೆ ಯಾರೂ ಕಲಿಸಿರಲಿಲ್ಲ.

ಆರಂಭಿಸಿದ್ದು ಮಂಡಕ್ಕಿಯಿಂದ. ಅಮೆರಿಕದ ಜಾನ್ ಕಬಾಟ್-ಝಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ರೋಗಿಗಳಿಗಾಗಿ ರೂಪಿಸಿದ ಎಂಟು ವಾರಗಳ ತರಬೇತಿಯಲ್ಲಿ, ಒಂದು ಒಣದ್ರಾಕ್ಷಿಯನ್ನು ನಿಧಾನವಾಗಿ ನೋಡಿ, ಮೂಸಿ, ನಾಲಿಗೆಯ ಮೇಲಿಟ್ಟುಕೊಂಡು ತಿನ್ನುವ ಪಾಠವಿದೆ. ನಮ್ಮ ಮಕ್ಕಳಿಗೆ ದ್ರಾಕ್ಷಿ ಯಾಕೆ ಬೇಕು ಎಂದುಕೊಂಡು ತಲೆಗೊಂದರಂತೆ ಮಂಡಕ್ಕಿ ಕೊಟ್ಟೆ. ಕಾಳಿನ ಬೆನ್ನಿನ ಮೇಲಿನ ಸಣ್ಣ ಗೀರು, ಒಂದು ತುದಿಗೆ ಹತ್ತಿದ ಕಂದು ಬಣ್ಣ, ಬೆರಳಿಗೆ ತಾಗುವ ಉಪ್ಪು, ನಾಲಿಗೆಗೆ ಮುಟ್ಟಿದ ಕ್ಷಣ ಕುಸಿದು ಮೆತ್ತಗಾಗುವ ರೀತಿ, ಇವನ್ನೆಲ್ಲ ಅವರು ಒಂದೊಂದಾಗಿ ಹೇಳಿದರು. ‘ನಮ್ಮಪ್ಪ ದಿನಾ ಚೀಲಗಟ್ಲೆ ಹುರೀತಾರೆ ಮಿಸ್, ನಾನು ಒಂದನ್ನೂ ನೋಡಿರಲಿಲ್ಲ’ ಎಂದ ಒಬ್ಬ ಹುಡುಗ. ಆ ದಿನದ ಪಾಠ ಅಲ್ಲಿಗೆ ಸಾಕಾಗಿತ್ತು.

ಮುಂದಿನ ವಾರಗಳಲ್ಲಿ ಹಿತ್ತಾಳೆಯ ಪೂಜೆ ಗಂಟೆಯನ್ನು ಒಮ್ಮೆ ಬಾರಿಸಿ ಅದರ ನಾದ ಪೂರ್ತಿ ಅಡಗುವವರೆಗೆ ಕೇಳುವುದು, ಉಸಿರು ಮೂಗಿನ ಹೊಳ್ಳೆಗೆ ತಾಗುವುದನ್ನು ಗಮನಿಸುವುದು, ಹಿಮ್ಮಡಿಯಿಂದ ನೆತ್ತಿಯವರೆಗೆ ಮೈಯನ್ನು ಮನಸ್ಸಿನಲ್ಲೇ ಸವರಿಕೊಂಡು ಬರುವುದು, ಹೀಗೆ ಮುಂದುವರಿಸಿದೆ. ಸರಿ ಹೋಗದ್ದೂ ಬಹಳಷ್ಟಿದೆ. ಬಿಸಿಯೂಟದ ನಂತರದ ಅವಧಿಯಲ್ಲಿ ಮಾಡಿಸಿದಾಗ ಅರ್ಧದಷ್ಟು ಮಕ್ಕಳು ನಿದ್ದೆಗೆ ಜಾರಿದರು. ಹಿಂದಿನ ಸಾಲಿನ ಹುಡುಗರು ಕಣ್ಣು ಮುಚ್ಚಿದ ಕೂಡಲೇ ಒಬ್ಬರಿಗೊಬ್ಬರು ಚಿವುಟಿಕೊಂಡರು. ಎಲ್ಲಕ್ಕಿಂತ ನನ್ನನ್ನು ಕಾಡುತ್ತಿರುವುದೆಂದರೆ, ಕಣ್ಣು ಮುಚ್ಚಲು ಹೇಳಿದಾಗ ಒಬ್ಬ ಹುಡುಗ ಎದ್ದು ನಿಂತು ಹೊರಗೆ ಹೋಗಲು ಅನುಮತಿ ಕೇಳಿದ್ದು. ಹೋದವನು ನಲ್ಲಿಯ ಬಳಿ ಬಹಳ ಹೊತ್ತು ಸುಮ್ಮನೆ ನಿಂತಿದ್ದ. ನಾನು ಮಾಡುತ್ತಿರುವುದರಿಂದ ಯಾವುದಾದರೂ ಮಗುವಿಗೆ ನೋವಾಗುತ್ತಿದೆಯೇ? ಇದರಿಂದ ನಿಜವಾಗಿಯೂ ಒತ್ತಡ ಕಡಿಮೆಯಾಗುತ್ತದೆ ಎನ್ನಲು ಆಧಾರವಿದೆಯೇ? ದಸರಾ ರಜೆ ಮುಗಿದು ಎರಡನೇ ಶೈಕ್ಷಣಿಕ ಅವಧಿ ಆರಂಭವಾಗುವ ಮೊದಲು ಇದನ್ನು ತಿದ್ದಿಕೊಳ್ಳಬೇಕೆಂದಿದ್ದೇನೆ.

ನಿವೃತ್ತ ಮುಖ್ಯೋಪಾಧ್ಯಾಯ, ಹರಿಹರ

ತಾಯೀ, ನಿಮ್ಮ ಬರಹವನ್ನು ಎರಡು ಬಾರಿ ಓದಿದೆ. ಮಕ್ಕಳ ಅಂಗೈಯನ್ನು ನೋಡುವ ಶಿಕ್ಷಕರು ಇದ್ದಾರೆಂಬುದೇ ನನಗೆ ಸಮಾಧಾನ. ಆದರೂ ನನ್ನ ಮನಸ್ಸಿನಲ್ಲಿರುವ ಒಂದು ಆತಂಕವನ್ನು ಮುಚ್ಚಿಡದೆ ಹೇಳುತ್ತೇನೆ.

ಮೂವತ್ತಾರು ವರ್ಷಗಳ ನನ್ನ ಸೇವೆಯಲ್ಲಿ ಬೆಳಗಿನ ಪ್ರಾರ್ಥನೆಯ ನಂತರ ಒಂದು ನಿಮಿಷದ ಮೌನ ಎಲ್ಲ ಶಾಲೆಗಳಲ್ಲೂ ಇತ್ತು. ಆ ಮೌನ ಎಲ್ಲಿಯೂ ಮಕ್ಕಳ ಭಯವನ್ನು ಕಳೆದದ್ದನ್ನು ನಾನು ಕಾಣಲಿಲ್ಲ, ಏಕೆಂದರೆ ಮೌನ ಮುಗಿದ ಕೂಡಲೇ ಅದೇ ಸಾಲಿನಲ್ಲಿ ಹೋಂವರ್ಕ್ ಮಾಡದವರನ್ನು ಹೊರಗೆಳೆದು ನಿಲ್ಲಿಸುತ್ತಿದ್ದೆವು. ನಾನೂ ನಿಲ್ಲಿಸಿದ್ದೇನೆ, ಇಂದಿಗೂ ಅದರ ಬಗ್ಗೆ ನೋವಿದೆ. ಮಗುವಿನ ಒತ್ತಡಕ್ಕೆ ಕಾರಣಗಳು ಹೊರಗಿವೆ: ರೂಪಣಾತ್ಮಕ, ಸಂಕಲನಾತ್ಮಕ ಎಂದು ವರ್ಷವಿಡೀ ಮುಗಿಯದ ಮೌಲ್ಯಮಾಪನ, ಅದರ ಮೇಲೆ ಟ್ಯೂಷನ್, ಅದರ ಮೇಲೆ ಪಕ್ಕದ ಮನೆಯ ಮಗುವಿನ ಅಂಕಗಳು. ಇವನ್ನೆಲ್ಲ ಹಾಗೆಯೇ ಬಿಟ್ಟು ಉಸಿರು ನೋಡಿಕೋ ಎಂದು ಹೇಳಿದರೆ, ನಿನ್ನ ಕಷ್ಟಕ್ಕೆ ನೀನೇ ಹೊಣೆ ಎಂದು ಮಗುವಿಗೆ ಹೇಳಿದಂತಾಗುವುದಿಲ್ಲವೇ? ನಿಮ್ಮನ್ನು ನಿರುತ್ಸಾಹಗೊಳಿಸಲು ಇದನ್ನು ಬರೆಯುತ್ತಿಲ್ಲ. ಕೆಲಸ ಮುಂದುವರಿಸಿ, ಆದರೆ ಈ ಪ್ರಶ್ನೆಯನ್ನು ಜೊತೆಯಲ್ಲೇ ಇಟ್ಟುಕೊಳ್ಳಿ.

ಆಪ್ತ ಸಮಾಲೋಚಕಿ, ದಾವಣಗೆರೆ

ಮೇಡಂ, ನಾನು ಹದಿಹರೆಯದವರೊಂದಿಗೆ ಕೆಲಸ ಮಾಡುವವಳು. ನಿಮ್ಮ ಎರಡೂ ಪ್ರಶ್ನೆಗಳು ಗಂಭೀರವಾದುವು, ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ಆ ಹುಡುಗಿಯ ಅಂಗೈ ಬೆವರಿದ್ದು ಅವಳ ದೌರ್ಬಲ್ಯದಿಂದಲ್ಲ. ಅಪಾಯ ಬಂದಿದೆ ಎಂದು ಮೆದುಳಿನ ಅಮಿಗ್ಡಲಾ ಎಂಬ ಭಾಗ ಸೂಚನೆ ಕೊಟ್ಟಾಗ ಹೃದಯದ ಬಡಿತ ಏರುತ್ತದೆ, ಅಂಗೈ ಬೆವರುತ್ತದೆ, ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ. ಹಾವು ಎದುರಾದಾಗಲೂ ಒಎಂಆರ್ ಹಾಳೆ ಎದುರಾದಾಗಲೂ ದೇಹ ಮಾಡುವುದು ಇದನ್ನೇ. ‘ಇದು ಹಾಳೆ, ಹಾವಲ್ಲ’ ಎಂದು ಸಮಾಧಾನ ಹೇಳಬೇಕಾದ, ಹಣೆಯ ಹಿಂದಿರುವ ಪ್ರೀಫ್ರಂಟಲ್ ಕಾರ್ಟೆಕ್ಸ್ ಎಂಬ ಭಾಗ ಇಪ್ಪತ್ತು ದಾಟಿ ಕೆಲವು ವರ್ಷಗಳವರೆಗೂ ಬೆಳೆಯುತ್ತಲೇ ಇರುತ್ತದೆ. ಆದ್ದರಿಂದಲೇ ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಭಾವನೆಯ ಅಬ್ಬರ ಹೆಚ್ಚು, ಹಿಡಿತ ಕಡಿಮೆ. ಮಾನಸಿಕ ಅನಾರೋಗ್ಯಗಳಲ್ಲಿ ಮೂರನೇ ಒಂದರಷ್ಟು ಹದಿನಾಲ್ಕನೇ ವಯಸ್ಸಿನೊಳಗೆ, ಅರ್ಧದಷ್ಟು ಹದಿನೆಂಟರೊಳಗೆ ತಲೆದೋರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ಸಮಸ್ಯೆಗಳಿರುವುದನ್ನು ಗುರುತಿಸಿತು. ನಲವತ್ತು ಮಕ್ಕಳ ಒಂದು ತರಗತಿಗೆ ಇದನ್ನು ಅನ್ವಯಿಸಿದರೆ ಇಬ್ಬರು ಮೂವರು ಎಂದಾಗುತ್ತದೆ.

ಇನ್ನು ಆಧಾರದ ವಿಷಯ. ಬ್ರಿಟನ್‌ನಲ್ಲಿ ‘ಮಿರಿಯಡ್’ ಎಂಬ ದೊಡ್ಡ ಅಧ್ಯಯನ ನಡೆಯಿತು. ಎಂಬತ್ತಕ್ಕೂ ಹೆಚ್ಚು ಶಾಲೆಗಳು, ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳು, ವಯಸ್ಸು 11ರಿಂದ 13. ಕೆಲವು ಶಾಲೆಗಳಲ್ಲಿ ತರಬೇತಿ ಪಡೆದ ಶಿಕ್ಷಕರು ಹತ್ತು ಪಾಠಗಳ ಸಾವಧಾನ ಪಠ್ಯ ಬೋಧಿಸಿದರು. ಉಳಿದ ಶಾಲೆಗಳಲ್ಲಿ ಭಾವನೆ ಮತ್ತು ಸಾಮಾಜಿಕ ಕೌಶಲಗಳ ಎಂದಿನ ಪಾಠಗಳೇ ನಡೆದವು. 2022ರಲ್ಲಿ ಫಲಿತಾಂಶ ಪ್ರಕಟವಾದಾಗ, ಒಂದು ವರ್ಷದ ನಂತರ ಖಿನ್ನತೆಯ ಅಪಾಯದಲ್ಲಾಗಲಿ ಮಕ್ಕಳ ಕ್ಷೇಮದಲ್ಲಾಗಲಿ ಸಾವಧಾನದ ಪಾಠ ಎಂದಿನ ಪಾಠಕ್ಕಿಂತ ಮೇಲೆನ್ನಲು ಆಧಾರ ಸಿಗಲಿಲ್ಲ. ಇದನ್ನು ಓದಿದಾಗ ನನಗೂ ಬೇಸರವಾಯಿತು. ಆದರೆ ಅದರ ಒಳಗಿನ ಸಂಗತಿಗಳು ನಮಗೆ ಹೆಚ್ಚು ಉಪಯುಕ್ತ: ಬಹುಪಾಲು ಮಕ್ಕಳು ತರಗತಿಯ ಹೊರಗೆ ಅಭ್ಯಾಸ ಮಾಡಲೇ ಇಲ್ಲ, ಆಗಲೇ ಮಾನಸಿಕ ತೊಂದರೆಯ ಅಂಚಿನಲ್ಲಿದ್ದ ಮಕ್ಕಳಿಗೆ ಇದು ಅಷ್ಟಾಗಿ ಹೊಂದಲಿಲ್ಲ, ಮತ್ತು ಅಭ್ಯಾಸ ಕಲಿತ ಶಿಕ್ಷಕರ ದಣಿವು ಮಾತ್ರ ಸ್ವಲ್ಪ ಕಾಲ ಇಳಿಯಿತು. ಹತ್ತು ವಾರ ಬೋರ್ಡಿನ ಮೇಲೆ ಬರೆದು ಕಲಿಸಿ ಮುಗಿಸುವ ವಿಷಯ ಇದಲ್ಲ ಎಂಬುದನ್ನು ಆ ಅಧ್ಯಯನ ನನಗೆ ಮನದಟ್ಟು ಮಾಡಿತು.

ಇದರ ಪಕ್ಕದಲ್ಲಿ ನಮ್ಮ ದೇಶದ ಒಂದು ಅಧ್ಯಯನವನ್ನು ಇಟ್ಟು ನೋಡಬೇಕು, ಹರಿಹರದ ಗುರುಗಳ ಪ್ರಶ್ನೆಗೂ ಅದರಲ್ಲಿ ಉತ್ತರವಿದೆ. ಬಿಹಾರದ ನಳಂದಾ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ‘ಸೆಹೆರ್’ ಎಂಬ ಹೆಸರಿನಲ್ಲಿ ಇಡೀ ಶಾಲೆಯ ವಾತಾವರಣವನ್ನೇ ತಿದ್ದುವ ಪ್ರಯತ್ನ ನಡೆಯಿತು. ಅಲ್ಲಿ ಧ್ಯಾನವಿರಲಿಲ್ಲ. ಮಕ್ಕಳು ದೂರು ಬರೆದು ಹಾಕುವ ಪೆಟ್ಟಿಗೆ, ಬೆಳಗಿನ ಸಭೆ, ಗೋಡೆ ಪತ್ರಿಕೆ, ಹಿಂಸೆ ಮತ್ತು ಗೇಲಿಯ ಬಗ್ಗೆ ಮಾತುಕತೆ ಮತ್ತು ಮಾತಾಡಬೇಕೆನಿಸಿದಾಗ ಸಿಗುವ ಒಬ್ಬ ಸಮಾಲೋಚಕರು ಇದ್ದರು. ವೃತ್ತಿಪರರಲ್ಲದ, ತರಬೇತಿ ಪಡೆದ ಸಮಾಲೋಚಕರು ಇದನ್ನು ನಡೆಸಿದ ಶಾಲೆಗಳಲ್ಲಿ ಮಕ್ಕಳ ಖಿನ್ನತೆ ಮತ್ತು ಪರಸ್ಪರ ಹಿಂಸೆ ಕಡಿಮೆಯಾದವು. ಪಾಠದ ಹೊರೆಯ ಜೊತೆಗೆ ಶಿಕ್ಷಕರೇ ನಡೆಸಿದ ಕಡೆ ಆ ಫಲ ಕಾಣಲಿಲ್ಲ. 2018ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಗುರುಗಳು ಹೇಳಿದ ‘ಹೊರಗಿನ ಕಾರಣ’ಗಳನ್ನು ಮುಟ್ಟದೆ ಒಳಗಿನ ಅಭ್ಯಾಸ ನಿಲ್ಲುವುದಿಲ್ಲ ಎಂದು ನಾನು ನಂಬಿರುವುದು ಇದರಿಂದಲೇ.

ಕಣ್ಣು ಮುಚ್ಚಲಾರದ ಹುಡುಗನ ಬಗ್ಗೆ. ಮನೆಯಲ್ಲಿ ಹೊಡೆತ ಕಂಡ, ಸಾವು ಕಂಡ, ದೌರ್ಜನ್ಯಕ್ಕೊಳಗಾದ ಮಗುವಿಗೆ ಕಣ್ಣು ಮುಚ್ಚಿ ಸುಮ್ಮನೆ ಕೂರುವುದು ವಿಶ್ರಾಂತಿಯಲ್ಲ. ಮುಚ್ಚಿಟ್ಟದ್ದೆಲ್ಲ ಎದ್ದು ಬರುವ ಹೊತ್ತು. ಕೆಲವರಿಗೆ ಉಸಿರನ್ನೇ ಗಮನಿಸುವುದು ಉಸಿರು ಕಟ್ಟಿಸುತ್ತದೆ, ಉಬ್ಬಸವಿರುವ ಮಕ್ಕಳಿಗಂತೂ ಹೌದು. ಕಣ್ಣು ತೆರೆದಿರಲಿ, ನೋಟ ಬೆಂಚಿನ ಮೇಲೆ ಇಳಿದಿರಲಿ. ಉಸಿರಿಗೆ ಬದಲಾಗಿ ನೆಲಕ್ಕೂರಿದ ಪಾದವನ್ನೋ ಹೊರಗಿನ ಸದ್ದನ್ನೋ ಆರಿಸಿಕೊಳ್ಳುವ ಸ್ವಾತಂತ್ರ್ಯ ಎಲ್ಲರಿಗೂ ಇರಲಿ. ‘ಬೇಡ’ ಎನ್ನುವ ಮಗು ಸುಮ್ಮನೆ ಚಿತ್ರ ಬರೆಯುತ್ತಾ ಕೂರಲಿ. ಆ ಹುಡುಗನನ್ನು ಎಲ್ಲರ ಮುಂದೆ ಏನೂ ಕೇಳಬೇಡಿ. ಯಾವುದಾದರೂ ಸಣ್ಣ ಕೆಲಸದ ನೆಪದಲ್ಲಿ ಜೊತೆಗೆ ಕರೆದುಕೊಂಡು ನಡೆಯಿರಿ, ಹೇಳುವುದಿದ್ದರೆ ಅವನೇ ಹೇಳುತ್ತಾನೆ. ಎರಡು ವಾರ ಮೀರಿ ಊಟ ನಿದ್ದೆ ಕೆಟ್ಟಿದ್ದರೆ, ಸಾಯುವ ಮಾತು ಬಂದರೆ, ಮೈ ಮೇಲೆ ಗಾಯ ಮಾಡಿಕೊಂಡದ್ದು ಕಂಡರೆ, ಯಾವ ಅಭ್ಯಾಸವನ್ನೂ ನೆಚ್ಚದೆ ವೈದ್ಯರ ಬಳಿ ಕಳುಹಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮನೆಯಲ್ಲಿ ಹಿಂಸೆಯ ಸುಳಿವಿದ್ದರೆ ಮಕ್ಕಳ ಸಹಾಯವಾಣಿ 1098.

ಎಂಟನೇ ತರಗತಿ ವಿದ್ಯಾರ್ಥಿನಿಯ ತಾಯಿ, ಚಿತ್ರದುರ್ಗ

ಇದನ್ನು ಓದುತ್ತಾ ನನಗೆ ದುಃಖವೂ ಆಯಿತು, ಆಸೆಯೂ ಆಯಿತು. ನನ್ನ ಮಗಳು ಹಿಂದೆ ಓದುತ್ತಿದ್ದ ಖಾಸಗಿ ಶಾಲೆಯಲ್ಲಿಯೂ ‘ಮೆಡಿಟೇಶನ್’ ಇತ್ತು. ಅದು ಹೇಗಿತ್ತೆಂದರೆ, ತರಗತಿಯಲ್ಲಿ ಗಲಾಟೆಯಾದ ದಿನ ಎಲ್ಲರೂ ತೋರುಬೆರಳು ಹೆಬ್ಬೆರಳು ಸೇರಿಸಿ ಹದಿನೈದು ನಿಮಿಷ ಅಲ್ಲಾಡದೆ ಕೂರಬೇಕು. ಅಲ್ಲಾಡಿದವರ ಹೆಸರನ್ನು ಕ್ಲಾಸ್ ಲೀಡರ್ ಬೋರ್ಡಿನ ಮೇಲೆ ಬರೆಯಬೇಕು. ಬೆನ್ನು ತುರಿಸಿಕೊಂಡಿದ್ದಕ್ಕೆ ನನ್ನ ಮಗಳ ಹೆಸರು ಮೂರು ಸಲ ಬಂದಿತ್ತು. ಮೂರನೆಯ ದಿನ ಮನೆಗೆ ಬಂದವಳು ಚೀಲವನ್ನು ಬಾಗಿಲಲ್ಲೇ ಬಿಸಾಡಿ, ‘ಇನ್ನು ಕಣ್ಣು ಮುಚ್ಚು ಅಂತ ಯಾರೂ ನನಗೆ ಹೇಳಬೇಡಿ’ ಎಂದು ಅತ್ತಳು. ಸಂಜೆ ದೇವರ ಮುಂದೆ ದೀಪ ಹಚ್ಚುವಾಗಲೂ ಆಮೇಲೆ ಅವಳು ಕಣ್ಣು ಮುಚ್ಚುತ್ತಿರಲಿಲ್ಲ. ನಾವು ಶಾಲೆ ಬದಲಿಸಿದೆವು. ಮುಖ್ಯ ಕಾರಣ ಮನೆಗೆ ದೂರವಾಗಿದ್ದದ್ದು; ಆದರೆ ಈ ಸಂಗತಿಯೂ ನನ್ನ ಮನಸ್ಸಿನಲ್ಲಿತ್ತು.

ಅವಳಿಗೆ ನೆಮ್ಮದಿ ಮರಳಿದ್ದು ಬೇರೆ ದಾರಿಯಿಂದ. ಅವಳ ತಂದೆ ಭಾನುವಾರ ಬೆಳಗ್ಗೆ ಅವಳನ್ನು ಕೋಟೆಗೆ ಕರೆದುಕೊಂಡು ಹೋಗಲಾರಂಭಿಸಿದರು. ಕೋಟೆಯ ಕಲ್ಲುಮೆಟ್ಟಿಲುಗಳು ಒಂದರಂತೆ ಇನ್ನೊಂದಿಲ್ಲ; ಒಂದು ಎತ್ತರ, ಒಂದು ತಗ್ಗು, ಕೆಲವು ಸವೆದು ನುಣುಪಾಗಿವೆ. ಪಾದ ಎಲ್ಲಿಡುತ್ತೇನೆಂದು ನೋಡದೆ ಅಲ್ಲಿ ಹತ್ತಲು ಬರುವುದಿಲ್ಲ. ಮೇಲೆ ತುಪ್ಪದಕೊಳದ ಬತೇರಿಯ ಹತ್ತಿರ ಕೂತು ಗಾಳಿಯ ಸದ್ದು ಕೇಳುವುದು, ದೂರದ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ರೆಕ್ಕೆಗಳಲ್ಲಿ ಯಾವುದು ನಿಂತಿದೆ ಯಾವುದು ತಿರುಗುತ್ತಿದೆ ಎಂದು ಎಣಿಸುವುದು, ಇಷ್ಟೇ ಅವರು ಮಾಡುತ್ತಿದ್ದದ್ದು. ಇದಕ್ಕೆ ಮೈಂಡ್‌ಫುಲ್‌ನೆಸ್ ಎಂಬ ಹೆಸರಿದೆಯೆಂದು ನಮಗೆ ಗೊತ್ತಿರಲಿಲ್ಲ. ಮೇಡಂ, ನಿಮ್ಮಲ್ಲಿ ಒಂದು ವಿನಂತಿ: ಇದನ್ನು ಎಂದಿಗೂ ಶಿಸ್ತಿನ ಸಾಧನ ಮಾಡಬೇಡಿ, ಸಹೋದ್ಯೋಗಿಗಳು ಹಾಗೆ ಬಳಸಲು ಹೊರಟರೂ ತಡೆಯಿರಿ.

ದೈಹಿಕ ಶಿಕ್ಷಣ ಶಿಕ್ಷಕ, ಚಳ್ಳಕೆರೆ ತಾಲ್ಲೂಕು

ಮೇಡಂ, ಚಿವುಟಿಕೊಳ್ಳುವ ಆ ಹಿಂದಿನ ಸಾಲಿನ ಹುಡುಗರನ್ನು ನನಗೆ ಕೊಡಿ ಎನ್ನಬೇಕೆನಿಸಿತು. ಅವರಿಗೆ ಮನಸ್ಸಿಲ್ಲವೆಂದಲ್ಲ, ಮೈಯಲ್ಲಿ ಕೂಡಿಟ್ಟ ಓಟ ಇನ್ನೂ ಮುಗಿದಿರುವುದಿಲ್ಲ. ಆಟ ಆಡಿಸದೆ ಕೂರಿಸಿದರೆ ಅವರ ಗಮನ ಕೂರುವುದಿಲ್ಲ. ಶನಿವಾರ ಬೆಳಗಿನ ಕವಾಯತಿನ ನಂತರ ನಾನು ಮಕ್ಕಳನ್ನು ಮೈದಾನದ ಸುತ್ತ ಬರಿಗಾಲಿನಲ್ಲಿ ಒಂದು ಸುತ್ತು ನಿಧಾನವಾಗಿ ನಡೆಸುತ್ತೇನೆ. ಹಿಮ್ಮಡಿ ನೆಲ ಮುಟ್ಟುವುದು, ಪಾದ ಮಡಚುವುದು, ಹೆಬ್ಬೆರಳು ನೆಲ ಬಿಡುವುದು, ಈ ಮೂರನ್ನು ಗಮನಿಸಿದರೆ ಸಾಕು ಎನ್ನುತ್ತೇನೆ. ನಮ್ಮ ಕಡೆಯ ಕೆಂಪು ನೆಲದಲ್ಲಿ ಗರಸು ಹೆಚ್ಚು, ಗಮನ ತಪ್ಪಿದ ಕೂಡಲೇ ಕಾಲಿಗೆ ಚುಚ್ಚಿ ತಿಳಿಸುತ್ತದೆ. ಓಡಿ ಬಂದ ಕೂಡಲೇ ಎದೆಯ ಮೇಲೆ ಕೈಯಿಟ್ಟು ಬಡಿತ ಇಳಿಯುವುದನ್ನು ಕಾಯುವುದು ಇನ್ನೊಂದು ಅಭ್ಯಾಸ. ಏರಿದ್ದು ತಾನಾಗಿಯೇ ಇಳಿಯುತ್ತದೆ ಎಂಬುದು ಮಾತಿನಲ್ಲಿ ಹೇಳಿದರೆ ಮಕ್ಕಳಿಗೆ ತಲುಪುವುದಿಲ್ಲ, ಅಂಗೈ ಕೆಳಗೆ ಸಿಕ್ಕಿದರೆ ತಲುಪುತ್ತದೆ. ಪರೀಕ್ಷೆಯ ದಿನ ಎದೆ ಬಡಿದುಕೊಂಡಾಗಲೂ ಅದೇ ಬಡಿತವೆಂದು ಕೆಲವರಾದರೂ ಗುರುತಿಸುತ್ತಾರೆ.

ಪೋಷಕ, ದಾವಣಗೆರೆ

ಟೀಚರ್, ನನ್ನ ಮಗ ಏಳನೇ ತರಗತಿಯಲ್ಲಿದ್ದಾನೆ, ಮುಂದಿನ ವರ್ಷ ನಿಮ್ಮಂಥವರ ತರಗತಿಗೆ ಬರುವವನು. ನಾವು ಮುಸ್ಲಿಮರು. ಪೂಜೆ ಗಂಟೆ, ಧ್ಯಾನ ಎಂಬ ಮಾತುಗಳನ್ನು ಓದಿದಾಗ ಇದು ಇನ್ನೊಂದು ಧರ್ಮದ ಆಚರಣೆಯೇ ಎಂದು ನಮ್ಮ ಮನೆಯಲ್ಲಿ ಹಿರಿಯರು ಕೇಳುತ್ತಾರೆ. ಆಕ್ಷೇಪಿಸಲು ಕೇಳುತ್ತಿಲ್ಲ. ಮಗುವಿಗೆ ಒಳ್ಳೆಯದಾಗುವುದಾದರೆ ನಾನೇ ಹಿರಿಯರಿಗೆ ವಿವರಿಸುತ್ತೇನೆ. ಅದಕ್ಕೆ ನನಗೆ ಸರಿಯಾದ ಉತ್ತರ ಗೊತ್ತಿರಬೇಕು.

ಪ್ರೌಢಶಾಲಾ ಶಿಕ್ಷಕಿ, ದಾವಣಗೆರೆ

ಸರ್, ನೀವು ನೇರವಾಗಿ ಕೇಳಿದ್ದಕ್ಕೆ ಕೃತಜ್ಞಳು. ಈ ಪ್ರಶ್ನೆ ನನಗೆ ಮೊದಲೇ ಹೊಳೆಯಬೇಕಿತ್ತು. ಈ ಅಭ್ಯಾಸದ ಮೂಲ ಬೌದ್ಧ ಪರಂಪರೆಯಲ್ಲಿದೆ. ಪಾಲಿ ಭಾಷೆಯ ‘ಸತಿ’, ಅಂದರೆ ಸ್ಮೃತಿ, ಎಚ್ಚರದ ಅರಿವು, ಎಂಬ ಪದವೇ ಇದರ ಹಿಂದಿರುವುದು. ಅದನ್ನು ನಾನು ಮರೆಮಾಡುವುದಿಲ್ಲ. ನಮ್ಮ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ, ಆದ್ದರಿಂದ ಬೌದ್ಧ ಧರ್ಮ ನಮ್ಮ ನೆಲಕ್ಕೆ ದೂರದ್ದೂ ಅಲ್ಲ. ಆದರೆ ಕಬಾಟ್-ಝಿನ್ ಆಸ್ಪತ್ರೆಗೆ ತಂದ ರೂಪದಲ್ಲಿ ದೇವರಿಲ್ಲ, ಮಂತ್ರವಿಲ್ಲ, ನಂಬಿಕೆಯ ಷರತ್ತಿಲ್ಲ. ಈಗ ಏನು ನಡೆಯುತ್ತಿದೆ ಎಂಬುದನ್ನು, ಸರಿ ತಪ್ಪು ಎಂದು ಕೂಡಲೇ ತೀರ್ಪು ಕೊಡದೆ ಗಮನಿಸುವುದಷ್ಟೇ ಅದರಲ್ಲಿದೆ. ದೆಹಲಿ ಸರ್ಕಾರ 2018ರ ಜುಲೈನಲ್ಲಿ ತನ್ನ ಶಾಲೆಗಳಲ್ಲಿ ನರ್ಸರಿಯಿಂದ ಎಂಟನೇ ತರಗತಿಯವರೆಗೆ ಆರಂಭಿಸಿದ ಹ್ಯಾಪಿನೆಸ್ ಪಠ್ಯದಲ್ಲಿಯೂ ಎಲ್ಲ ಧರ್ಮದ ಮಕ್ಕಳು ಒಟ್ಟಿಗೆ ಮಾಡುತ್ತಿದ್ದದ್ದು ಇದನ್ನೇ.

ಗಮನವನ್ನು ಒಂದೆಡೆ ನಿಲ್ಲಿಸುವುದು ಯಾವ ಮನೆಗೂ ಹೊಸತಲ್ಲ. ನನ್ನ ತರಗತಿಯಲ್ಲಿ ಬೆಳಗ್ಗೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ನೋಟ ನೆಟ್ಟು ಬರುವ ಮಕ್ಕಳಿದ್ದಾರೆ, ನಮಾಜಿನಲ್ಲಿ ಮನಸ್ಸು ಚದುರಿದರೆ ಅಬ್ಬಾ ತಿದ್ದುತ್ತಾರೆ ಎಂದ ಮಗುವಿದೆ, ಭಾನುವಾರ ಚರ್ಚಿನಲ್ಲಿ ಮೌನವಾಗಿ ಕೂರುವವರಿದ್ದಾರೆ. ಆ ಯಾವುದನ್ನೂ ತರಗತಿಗೆ ತಂದು ಹೋಲಿಸಲು ನಾನು ಹೋಗುವುದಿಲ್ಲ, ಅವು ಮನೆಯವು, ಅವುಗಳ ಗೌರವ ಬೇರೆ. ಪೂಜೆ ಗಂಟೆಯನ್ನು ಮಾತ್ರ ಬದಲಿಸುತ್ತೇನೆ. ನಮ್ಮ ಪ್ರಯೋಗಾಲಯದಲ್ಲಿ ಶಬ್ದದ ಪಾಠಕ್ಕೆ ಬಳಸುವ ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ಇದೆ. ಅದರ ನಾದ ಗಂಟೆಗಿಂತ ಸಣ್ಣದಾದರೂ ಕಿವಿಗೊಟ್ಟು ಕೇಳಲು ಅದೇ ಮೇಲು. ಎಂಟನೇ ತರಗತಿಯ ವಿಜ್ಞಾನದಲ್ಲಿ ಶಬ್ದದ ಅಧ್ಯಾಯವೂ ಇದೆ.

ಸಮಾಲೋಚಕಿ ಮೇಡಂ, ನಿಮ್ಮ ಉತ್ತರದಲ್ಲಿ ಒಂದು ವಿಷಯ ಸ್ಪಷ್ಟಪಡಿಸಿ. ಪರೀಕ್ಷೆಗೆ ಮೊದಲು ನಾನು ‘ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ’ ಎಂದು ಮಾಡಿಸುತ್ತೇನೆ. ಮಕ್ಕಳಿಗೆ ಹೆಚ್ಚು ಇಷ್ಟವಾಗಿರುವುದು ಅದೇ. ಅದೂ ಸಾವಧಾನವೇ?

ಆಪ್ತ ಸಮಾಲೋಚಕಿ, ದಾವಣಗೆರೆ

ಎರಡೂ ಒಳ್ಳೆಯವು, ಆದರೆ ಬೇರೆ ಬೇರೆ. ಉಸಿರನ್ನು ಬೇಕೆಂದೇ ನಿಧಾನಗೊಳಿಸುವುದು ಮೈಯನ್ನು ಶಾಂತಗೊಳಿಸುವ ತಂತ್ರ, ಪ್ರಾಣಾಯಾಮಕ್ಕೆ ಹತ್ತಿರದ್ದು. ಉಸಿರೆಳೆದಾಗ ಹೃದಯದ ಬಡಿತ ತುಸು ಏರುತ್ತದೆ, ಬಿಟ್ಟಾಗ ಮೆದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ನರದ ಪ್ರಭಾವದಿಂದ ಇಳಿಯುತ್ತದೆ. ಆದ್ದರಿಂದಲೇ ಉಸಿರು ಬಿಡುವ ಹೊತ್ತು ದೀರ್ಘವಾದಷ್ಟೂ ಹಿತ. ಸಾವಧಾನದಲ್ಲಿ ಉಸಿರನ್ನು ಬದಲಿಸುವುದಿಲ್ಲ. ಅದು ಬಿರುಸಾಗಿದ್ದರೆ ಬಿರುಸಾಗಿದೆ ಎಂದು, ಹೆದರಿಕೆಯಿದ್ದರೆ ಹೆದರಿಕೆಯಿದೆ ಎಂದು ತಿಳಿದುಕೊಳ್ಳುವುದು. ಶಾಂತಿ ಬರಲೇಬೇಕು ಎಂಬ ಹಟ ಅದರಲ್ಲಿಲ್ಲ. ಈ ವ್ಯತ್ಯಾಸ ಮಕ್ಕಳಿಗೆ ಹೇಳುವುದು ಮುಖ್ಯ, ಏಕೆಂದರೆ ಗಮನಿಸಿದರೂ ಭಯ ಹೋಗದಿದ್ದಾಗ ‘ಇದೂ ನನಗೆ ಬರುವುದಿಲ್ಲ’ ಎಂದು ಮಗು ಇನ್ನೊಂದು ಸೋಲನ್ನು ತಲೆಗೆ ಹಾಕಿಕೊಳ್ಳುತ್ತದೆ. ಪರೀಕ್ಷಾ ಕೊಠಡಿಗೆ ನಾಲ್ಕು–ಆರರ ಉಸಿರು ಸಾಕು. ಉಳಿದ ದಿನಗಳಿಗೆ ಗಮನಿಸುವ ಅಭ್ಯಾಸ ಇರಲಿ. ಅಭ್ಯಾಸ ಪರೀಕ್ಷೆಯ ದಿನಕ್ಕಷ್ಟೇ ಮೀಸಲಾದರೆ ಅದೂ ಪರೀಕ್ಷೆಯ ಭಯದ ಜೊತೆಗೇ ಮಗುವಿನ ನೆನಪಿನಲ್ಲಿ ಉಳಿದುಬಿಡುತ್ತದೆ.

ಹದಿಹರೆಯದವರ ಆರೋಗ್ಯ ಸಮಾಲೋಚಕ, ಹಿರಿಯೂರು ತಾಲ್ಲೂಕು

ಹತ್ತರಿಂದ ಹತ್ತೊಂಬತ್ತು ವರ್ಷದವರಿಗಾಗಿ 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಅಲ್ಲಿಗೆ ಬರುವ ಮಕ್ಕಳಲ್ಲಿ ನಾನು ಮೊದಲು ಕೇಳುವುದು ನಿದ್ದೆಯ ಬಗ್ಗೆ. ಹದಿಮೂರು ದಾಟಿದ ಮಗುವಿಗೆ ರಾತ್ರಿ ಎಂಟರಿಂದ ಹತ್ತು ಗಂಟೆಗಳ ನಿದ್ದೆ ಬೇಕು. ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗಿ ನಿದ್ದೆ ಬರುವ ಕಡೆಗೆ ಸರಿದಿರುತ್ತದೆ, ಮೇಲೆ ಹಾಸಿಗೆಯೊಳಗೆ ಮೊಬೈಲ್, ಬೆಳಗ್ಗೆ ಐದಕ್ಕೆ ಓದಲು ಎಬ್ಬಿಸುವ ಮನೆ. ನಿದ್ದೆಗೆಟ್ಟ ಮಗುವಿಗೆ ಕಣ್ಣು ಮುಚ್ಚಲು ಹೇಳಿದರೆ ನಿದ್ದೆ ಹೋಗುವುದು ಸಹಜ, ಅದನ್ನು ಅಭ್ಯಾಸದ ಸೋಲೆಂದು ತಿಳಿಯಬೇಡಿ ಮೇಡಂ. ಅದು ನಿಮಗೆ ಸಿಕ್ಕ ಮಾಹಿತಿ. ಪೋಷಕರ ಸಭೆಯಲ್ಲಿ ಅಂಕಪಟ್ಟಿ ತೋರಿಸುವ ಮೊದಲು ಎಷ್ಟು ಹೊತ್ತಿಗೆ ಮಲಗುತ್ತಾನೆ ಎಂದು ಕೇಳಿ.

ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ

ದೊಡ್ಡವರ ಮಾತಿನ ನಡುವೆ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ನಾನು ಒಂಬ‌ತ್ತನೇ ತರಗತಿಯಲ್ಲಿದ್ದಾಗ ನಮ್ಮ ಗಣಿತದ ಮಿಸ್ ಉತ್ತರ ಪತ್ರಿಕೆ ಕೊಡುವ ಮೊದಲು ತಾವೂ ಕುರ್ಚಿಯಲ್ಲಿ ಕೂತು ಒಂದು ನಿಮಿಷ ಸುಮ್ಮನಿರುತ್ತಿದ್ದರು. ನಮಗೆ ಮಾಡಿ ಎನ್ನುತ್ತಿರಲಿಲ್ಲ. ಮೊದಲೆಲ್ಲ ನಾವು ಅವರ ಮುಖವನ್ನೇ ನೋಡುತ್ತಿದ್ದೆವು. ಆಮೇಲಾಮೇಲೆ ನಾವೂ ಸುಮ್ಮನಾಗುತ್ತಿದ್ದೆವು. ಅಂಕಗಳನ್ನು ಜೋರಾಗಿ ಓದದೆ ಪತ್ರಿಕೆಯನ್ನು ಮಡಚಿ ಕೈಗೆ ಕೊಡುತ್ತಿದ್ದರು. ಅವರ ಅವಧಿಯಲ್ಲಿ ನನಗೆ ಹೊಟ್ಟೆನೋವು ಬರುತ್ತಿರಲಿಲ್ಲ, ಉಳಿದ ಅವಧಿಗಳಲ್ಲಿ ಬರುತ್ತಿತ್ತು. ಸುಮ್ಮನಿರುವುದರಿಂದ ಹಾಗಾಯಿತೋ ಮಡಚಿದ ಪತ್ರಿಕೆಯಿಂದ ಹಾಗಾಯಿತೋ ನನಗೆ ಬಿಡಿಸಿ ಹೇಳಲು ಬರುವುದಿಲ್ಲ.

ನಿವೃತ್ತ ಮುಖ್ಯೋಪಾಧ್ಯಾಯ, ಹರಿಹರ

ಈ ಮಗು ಬರೆದದ್ದರಲ್ಲಿ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಎರಡನ್ನೂ ಬಿಡಿಸಬೇಕಾಗಿಲ್ಲ. ಮೌನವನ್ನು ಮಕ್ಕಳಿಗೆ ಹೇಳಿ ನಾವು ಪಾಲಿಸದೇ ಹೋದದ್ದೇ ನಮ್ಮ ಕಾಲದ ಪ್ರಾರ್ಥನೆಯ ಕೊರತೆಯಾಗಿತ್ತು ಎಂದು ಈಗ ಕಾಣುತ್ತಿದೆ.

ಪ್ರೌಢಶಾಲಾ ಶಿಕ್ಷಕಿ, ದಾವಣಗೆರೆ

ಎಲ್ಲರ ಮಾತುಗಳನ್ನೂ ನನ್ನ ಪಾಠ ಯೋಜನೆಯ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ರಜೆ ಮುಗಿದ ಮೇಲೆ ಅಭ್ಯಾಸವನ್ನು ಬಿಸಿಯೂಟದ ನಂತರದ ಅವಧಿಯಿಂದ ಬೆಳಗಿನ ಮೊದಲನೇ ಅವಧಿಗೆ ತರುತ್ತೇನೆ, ಕಣ್ಣು ತೆರೆದೇ ಇರುತ್ತದೆ, ಮಂಗಳವಾರ ಮತ್ತು ಶುಕ್ರವಾರ ಕೂರುವ ಬದಲು ವರಾಂಡದಲ್ಲಿ ನಡಿಗೆ. ಪೋಷಕರಿಗೆ ಒಂದು ಪುಟದ ಪತ್ರ ಬರೆದು, ಇದು ಏನು, ಏನಲ್ಲ, ಬೇಡವೆನಿಸಿದರೆ ಮಗು ಏನು ಮಾಡಬಹುದು ಎಂಬುದನ್ನು ತಿಳಿಸುತ್ತೇನೆ. ಅದರ ಉರ್ದು ಅನುವಾದಕ್ಕೆ ನಮ್ಮ ಶಾಲೆಯ ಉರ್ದು ಶಿಕ್ಷಕರು ಒಪ್ಪಿದ್ದಾರೆ. ಚಿತ್ರದುರ್ಗದ ತಾಯಿ ಕೇಳಿದಂತೆ, ಇದನ್ನು ಶಿಕ್ಷೆಯಾಗಿ ಬಳಸಕೂಡದು ಎಂಬ ಮಾತನ್ನು ಶಿಕ್ಷಕರ ಸಭೆಯ ನಡಾವಳಿಯಲ್ಲಿ ಬರೆಸಿದ್ದೇನೆ. ಘಟಕ ಪರೀಕ್ಷೆಯ ಅಂಕಗಳನ್ನು ಇನ್ನು ಮುಂದೆ ತರಗತಿಯಲ್ಲಿ ಓದುವುದಿಲ್ಲ. ಹದಿನಾಲ್ಕು ವರ್ಷ ಓದಿದ್ದೇನೆ, ಆದ್ದರಿಂದ ಈ ಒಂದು ಬದಲಾವಣೆಯೇ ನನಗೆ ಎಲ್ಲಕ್ಕಿಂತ ಕಷ್ಟವಾಗುತ್ತದೆಂದು ಗೊತ್ತು. ಇನ್ನು ನನ್ನ ಸ್ವಂತ ಅಭ್ಯಾಸ: ಬೆಳಗ್ಗೆ ಬಸ್ಸಿಗೆ ಹೊರಡುವ ಮೊದಲು ಹತ್ತು ನಿಮಿಷ ಕೂರಲು ಆರಂಭಿಸಿ ಒಂಬತ್ತು ದಿನಗಳಾದವು.

ಕಣ್ಣು ಮುಚ್ಚಲಾರದ ಹುಡುಗನನ್ನು ನಿನ್ನೆ ಪ್ರಯೋಗಾಲಯದ ಬೀಕರುಗಳನ್ನು ತೊಳೆದಿಡಲು ಜೊತೆಗೆ ಕರೆದುಕೊಂಡೆ. ಇಪ್ಪತ್ತು ಬೀಕರು ತೊಳೆಯುವವರೆಗೆ ಅವನು ಒಂದು ಮಾತೂ ಆಡಲಿಲ್ಲ, ನಾನೂ ಕೇಳಲಿಲ್ಲ. ಒರೆಸಿಡುವಾಗ ಶ್ರುತಿಕವೆಯನ್ನು ಕೈಗೆತ್ತಿಕೊಂಡು ರಬ್ಬರ್ ಪ್ಯಾಡಿಗೆ ಬಡಿದು ಕಿವಿಯ ಹತ್ತಿರ ಹಿಡಿದ, ನಾದ ಅಡಗಿದ ಮೇಲೆ ಮತ್ತೆ ಬಡಿದ. ಹೀಗೆ ಐದಾರು ಸಲ. ರಜೆಯ ನಂತರ ತರಗತಿಯಲ್ಲಿ ಅದನ್ನು ಬಾರಿಸುವ ಕೆಲಸ ತನಗೆ ಕೊಡುತ್ತೀರಾ ಎಂದು ಕೇಳಿದ. ಕೊಡುತ್ತೇನೆ ಎಂದಿದ್ದೇನೆ.